ಅಟ್ಟದ ಮೇಲಿನ ರಟ್ಟುಗಳು

ನಮ್ಮ ಮನೆಯ ಅಟ್ಟದ ಮೇಲೆ, ಉಪ್ಪಿನಕಾಯಿ ಜಾಡಿಗಳ ಹಿಂದೆ, ಹಳೆಯ ಸೀರೆಗಳಲ್ಲಿ ಸುತ್ತಿಟ್ಟ ಹನ್ನೊಂದು ಗಂಟುಗಳಿವೆ. ಬಿಚ್ಚಿ ನೋಡಿದರೆ ಬರಿಯ ರಟ್ಟು. ಅಂಗೈಯಗಲದ ಉದ್ದನೆಯ ರಟ್ಟಿನ ಪಟ್ಟಿಗಳು, ಅವುಗಳ ತುಂಬ ತೂತುಗಳು, ಒಂದಕ್ಕೊಂದನ್ನು ದಾರದಿಂದ ಹೆಣೆದು ಸರಪಳಿಯ ಹಾಗೆ ಮಡಚಿಟ್ಟಿದ್ದಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಪ್ರತಿ ದೀಪಾವಳಿಗೂ ಧೂಳು ಹೊಡೆಯುವಾಗ ಇವನ್ನು ಗುಜರಿಗೆ ಹಾಕೋಣವೇ ಎಂದು ಯಾರಾದರೊಬ್ಬರು ಕೇಳುತ್ತಿದ್ದರು. ಪ್ರತಿ ಸಲವೂ ನಮ್ಮತ್ತೆ, "ಅದರ ತಂಟೆಗೆ ಹೋಗಬೇಡಿ, ಅದೇನು ನಿಮ್ಮನ್ನ ಅನ್ನ ಕೇಳ್ತದಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿಲ್ಲದ ಬೀದಿ ಕಡಿಮೆ. ಆ ಸದ್ದು ನಿಂತಾಗಲೇ ನಮಗೆ ಎಚ್ಚರವಾಗುವುದು. 2019ರ ಆಷಾಢದಲ್ಲಿ ಒಂದು ಮಧ್ಯಾಹ್ನ ನಮ್ಮ ದೊಡ್ಡ ಮಗ್ಗದ ಸದ್ದು ನಿಂತಿತು. ಕರೆಂಟು ಹೋಗಿರಬೇಕೆಂದು ನಾನು ಮೇಲೆ ನೋಡಿದರೆ ಫ್ಯಾನು ತಿರುಗುತ್ತಲೇ ಇತ್ತು. ಶೆಡ್ಡಿಗೆ ಹೋದಾಗ ಮಗ್ಗದ ಪಕ್ಕದ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಒಂದು ಕೆಂಪು ದೀಪ ಮಿನುಗುತ್ತಿತ್ತು. ಅದರ ಫ್ಲಾಪಿ ಡ್ರೈವು ಗಂಟಲು ಕಟ್ಟಿದವರಂತೆ ಎರಡು ಸಲ ಕರಕರ ಎಂದು ಸುಮ್ಮನಾಯಿತು. ಶ್ರಾವಣ ಬರುವುದರಲ್ಲಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಡಬೇಕಾದ ಸೀರೆಗಳು ಮಗ್ಗದ ಮೇಲಿದ್ದವು. ನೇಯುವವರಿಗೆ ಸೀರೆಯ ಲೆಕ್ಕದಲ್ಲಿ ಕೂಲಿ. ಮಗ್ಗ ನಿಂತರೆ ಅವರ ಮನೆಯ ಒಲೆಯೂ ತಣ್ಣಗಾಗುತ್ತದೆ.

ಆ ಮಗ್ಗ ಯೂರೋಪಿನ ಯಾವುದೋ ಗಿರಣಿಯಲ್ಲಿ ವರ್ಷಗಟ್ಟಲೆ ದುಡಿದು, 2003ರಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಮನೆಗೆ ಬಂದದ್ದು. ಕಬ್ಬಿಣ ಇನ್ನೂ ಕಲ್ಲಿನಂತಿತ್ತು. ಕೆಟ್ಟದ್ದು ಅದರ ತಲೆ. ಮಾರಿದವರ ಕಡೆಯವರಿಗೆ ಫೋನ್ ಮಾಡಿದರೆ, "ಆ ಮಾದರಿಗೆ ಈಗ ಬಿಡಿಭಾಗ ಬರೋದಿಲ್ಲ, ಹೊಸ ಮಗ್ಗ ತೊಗೊಳ್ಳಿ" ಎಂದರು. ಹಲ್ಲು ನೋವು ಎಂದು ಹೋದವರಿಗೆ ಬೇರೆ ಮೈಯನ್ನೇ ತೊಗೊಳ್ಳಿ ಎಂದ ಹಾಗಿತ್ತು ಆ ಮಾತು.

ಮಗ್ಗಕ್ಕೂ ಕಂಪ್ಯೂಟರಿಗೂ ಎಲ್ಲಿಯ ಸಂಬಂಧ ಎಂದು ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಮಗ್ಗ ನಿಂತ ಆ ದಿನಗಳಲ್ಲಿ ಓದುತ್ತ, ಕೇಳುತ್ತ ಹೋದಾಗ ತಿಳಿದದ್ದೇನೆಂದರೆ, ಈ ಸಂಬಂಧದಲ್ಲಿ ಮಗ್ಗವೇ ಅಜ್ಜಿ, ಕಂಪ್ಯೂಟರ್ ಮೊಮ್ಮಗಳು.

ಬಟ್ಟೆ ಎಂದರೆ ಹಾಸು ಮತ್ತು ಹೊಕ್ಕು. ಹಾಸಿನ ಕೆಲವು ಎಳೆಗಳು ಮೇಲೇಳುತ್ತವೆ, ಉಳಿದವು ಕೆಳಗಿರುತ್ತವೆ, ನಡುವೆ ಲಾಳಿ ಓಡುತ್ತದೆ. ಸಾದಾ ಬಟ್ಟೆಗೆ ಒಂದು ಬಿಟ್ಟು ಒಂದು ಎಳೆ ಎತ್ತಿದರೆ ಸಾಕು. ಹೂವು, ಬಳ್ಳಿ, ಗೋಪುರ ಬರಬೇಕಾದರೆ ಪ್ರತಿ ಹೊಕ್ಕಿಗೂ ಯಾವ ಯಾವ ಎಳೆ ಏಳಬೇಕೆಂಬುದು ಬೇರೆ ಬೇರೆ. ಅದನ್ನು ಯಾರೋ ನೆನಪಿಟ್ಟುಕೊಳ್ಳಬೇಕು, ಯಾರೋ ಎಳೆಯಬೇಕು. ಬನಾರಸಿನಲ್ಲಿ ಈ ನೆನಪನ್ನು ದಾರದಲ್ಲೇ ಕಟ್ಟಿಡುತ್ತಿದ್ದರು. ಅದಕ್ಕೆ ನಕ್ಷಾ ಎಂದು ಹೆಸರು, ಕಟ್ಟುವವನು ನಕ್ಷಾಬಂದ್. ಫ್ರಾನ್ಸಿನ ಲಿಯೋನ್ ಎಂಬ ರೇಷ್ಮೆಯ ಊರಿನಲ್ಲಿ ನೇಕಾರನ ಪಕ್ಕದಲ್ಲಿ ಇನ್ನೊಬ್ಬರು ನಿಂತು, ಹೇಳಿದ ಹಾಗೆ ದಾರದ ಗೊಂಚಲುಗಳನ್ನು ದಿನವಿಡೀ ಎಳೆಯಬೇಕಿತ್ತು. ಆ ಕೆಲಸಕ್ಕೆ ಹೆಚ್ಚಾಗಿ ಮಕ್ಕಳು, ಹೆಂಗಸರು, ಬಡ ಹುಡುಗಿಯರು. ಕೈ ಸೋತು, ಬೆನ್ನು ಬಾಗಿ ಹೋಗುವ ಕೆಲಸ.

ಈ ನೆನಪನ್ನು ಮನುಷ್ಯರ ಕೈಯಿಂದ ಕಾಗದಕ್ಕೆ ಇಳಿಸುವ ಪ್ರಯತ್ನ 1725ರಲ್ಲೇ ನಡೆಯಿತು. ಬಾಸಿಲ್ ಬುಶೋನ್ ಎಂಬಾತ ತೂತು ಹೊಡೆದ ಕಾಗದದ ಸುರುಳಿಯಿಂದ ಎಳೆಗಳನ್ನು ಆರಿಸುವ ಉಪಾಯ ಕಂಡುಹಿಡಿದ. ಅವನ ಜೊತೆಗಾರ ಫಾಲ್ಕೋನ್ ಸುರುಳಿಯ ಬದಲು ರಟ್ಟುಗಳನ್ನು ಪೋಣಿಸಿದ. ಈ ಎಲ್ಲ ಉಪಾಯಗಳನ್ನು ಕೂಡಿಸಿ, ನೇಕಾರನೊಬ್ಬನೇ ನಡೆಸಬಲ್ಲ ಯಂತ್ರ ಮಾಡಿದವನು ಲಿಯೋನಿನ ನೇಕಾರನ ಮಗ ಜೋಸೆಫ್ ಮರಿ ಜಕಾರ್ಡ್. 1804ರ ಸುಮಾರಿಗೆ ಅವನ ಯಂತ್ರ ಸಿದ್ಧವಾಯಿತು. 1805ರಲ್ಲಿ ನೆಪೋಲಿಯನ್ ಲಿಯೋನಿಗೆ ಬಂದ. ಆ ವರ್ಷವೇ ಯಂತ್ರ ಸಾರ್ವಜನಿಕ ಆಸ್ತಿಯೆಂದು ಘೋಷಣೆಯಾಗಿ ಜಕಾರ್ಡನಿಗೆ ಪಿಂಚಣಿ ಗೊತ್ತಾಯಿತು. ಕೆಲಸ ಕಳೆದುಕೊಳ್ಳುವ ಭಯದಿಂದ ಊರಿನವರು ಅವನ ಮೇಲೆ ತಿರುಗಿಬಿದ್ದರು. ದಾರ ಎಳೆಯುವ ಹುಡುಗಿಯರ ಬೆನ್ನು ಉಳಿಯಿತು, ಕೂಲಿ ಹೋಯಿತು. ಯಾವ ಹೊಸ ಯಂತ್ರ ಬಂದರೂ ಈ ಎರಡೂ ಒಟ್ಟಿಗೇ ಬರುತ್ತವೆ.

ಜಕಾರ್ಡ್ ಕೆಲಸ ಮಾಡುವ ಬಗೆ ಬಹಳ ಸರಳ. ಒಂದು ರಟ್ಟು ಎಂದರೆ ಒಂದು ಹೊಕ್ಕು. ರಟ್ಟು ಬಂದು ಸೂಜಿಗಳ ಸಾಲಿಗೆ ಒತ್ತುತ್ತದೆ. ತೂತಿದ್ದ ಕಡೆ ಸೂಜಿ ಒಳಗೆ ತೂರಿ ತನ್ನ ಜಾಗದಲ್ಲೇ ಉಳಿಯುತ್ತದೆ, ಅದರ ಕೊಕ್ಕೆ ಮೇಲೇಳುತ್ತದೆ, ಕೊಕ್ಕೆಗೆ ಕಟ್ಟಿದ ಎಳೆಯೂ ಏಳುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದಕ್ಕೆ ತಳ್ಳಲ್ಪಟ್ಟು ಕೊಕ್ಕೆ ತಪ್ಪುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ತೂತು ಇದೆ, ಅಥವಾ ಇಲ್ಲ. ಮೂರನೆಯ ಮಾತಿಲ್ಲ. ಇಂದಿನ ಎಲ್ಲ ಕಂಪ್ಯೂಟರುಗಳೂ ನಡೆಯುವುದು ಈ ಹೌದು-ಅಲ್ಲಗಳ ಲೆಕ್ಕದ ಮೇಲೆಯೇ.

1839ರಲ್ಲಿ ಜಕಾರ್ಡನ ಭಾವಚಿತ್ರವೊಂದನ್ನು ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬೇಕಾದ ರಟ್ಟುಗಳು ಸುಮಾರು 24,000. ಆ ಚಿತ್ರದ ಒಂದು ಪ್ರತಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಎಂಬ ಗಣಿತಜ್ಞನ ಮನೆ ಸೇರಿತು. ಅವನು ಆಗ ಒಂದು ಲೆಕ್ಕ ಮಾಡುವ ಮಹಾಯಂತ್ರದ ಕನಸಿನಲ್ಲಿದ್ದ. ಆ ಯಂತ್ರಕ್ಕೆ ಏನು ಮಾಡಬೇಕೆಂದು ಹೇಳಲು ಅವನು ಆರಿಸಿಕೊಂಡದ್ದು ಜಕಾರ್ಡನ ರಟ್ಟುಗಳನ್ನೇ. ಆ ಯಂತ್ರ ಪೂರ್ತಿಯಾಗಲಿಲ್ಲ. ಆದರೆ 1843ರಲ್ಲಿ ಅದರ ಬಗ್ಗೆ ಬಂದ ಒಂದು ಫ್ರೆಂಚ್ ಲೇಖನವನ್ನು ಆಡಾ ಲವ್‌ಲೇಸ್ ಎಂಬ ಹೆಣ್ಣುಮಗಳು ಅನುವಾದಿಸಿ, ಮೂಲಕ್ಕಿಂತ ಹೆಚ್ಚು ಉದ್ದದ ಟಿಪ್ಪಣಿ ಬರೆದಳು. ಮಗ್ಗ ಹೂವು ಎಲೆಗಳನ್ನು ನೇಯುವ ಹಾಗೆ ಈ ಯಂತ್ರ ಬೀಜಗಣಿತದ ವಿನ್ಯಾಸಗಳನ್ನು ನೇಯುತ್ತದೆ ಎಂಬುದು ಅವಳ ತಾತ್ಪರ್ಯ. ಯಂತ್ರವೇ ಇಲ್ಲದ ಕಾಲದಲ್ಲಿ ಅದು ಏನೇನು ಮಾಡಬಲ್ಲದು ಎಂದು ಕಂಡವಳು. ಮೂವತ್ತಾರನೆಯ ವಯಸ್ಸಿಗೆ, 1852ರಲ್ಲಿ ತೀರಿಕೊಂಡಳು.

ಆಮೇಲೆ ಅಮೆರಿಕದಲ್ಲಿ ಹರ್ಮನ್ ಹಾಲೆರಿತ್ ಎಂಬವನು 1890ರ ಜನಗಣತಿಯನ್ನು ತೂತಿನ ಕಾರ್ಡುಗಳ ಸಹಾಯದಿಂದ ಎಣಿಸಿದ. ಅವನ ಕಂಪನಿ ಬೇರೆ ಕಂಪನಿಗಳೊಂದಿಗೆ ಕೂಡಿಕೊಂಡು 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. 1970ರ ದಶಕದವರೆಗೂ ದೊಡ್ಡ ಕಂಪ್ಯೂಟರುಗಳಿಗೆ ಕಾರ್ಡುಗಳಲ್ಲೇ ಊಟ ಬಡಿಸುತ್ತಿದ್ದರು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದಾಗ ಆ ನೌಕೆಯ ಕಂಪ್ಯೂಟರಿನ ನೆನಪು ಅಕ್ಷರಶಃ ಹೆಣೆದದ್ದು. ಮ್ಯಾಸಚೂಸೆಟ್ಸಿನ ವಾಲ್ಥಮ್ ಎಂಬಲ್ಲಿ ರೇಥಿಯಾನ್ ಕಾರ್ಖಾನೆಯ ಹೆಂಗಸರು ಸಣ್ಣ ಸಣ್ಣ ಉಂಗುರಗಳೊಳಗೆ ತಂತಿ ಪೋಣಿಸುತ್ತಿದ್ದರು. ತಂತಿ ಉಂಗುರದ ಒಳಗೆ ಹೋದರೆ ಒಂದು, ಹೊರಗೆ ಹೋದರೆ ಸೊನ್ನೆ. ಒಂದು ತಂತಿ ತಪ್ಪಿದರೂ ಲೆಕ್ಕ ತಪ್ಪುತ್ತದೆ. ಇದನ್ನು ಓದುವಾಗ ನನಗೆ ನಮ್ಮತ್ತೆಯ ಬೆರಳುಗಳೇ ಕಣ್ಣಮುಂದೆ ಬಂದವು.

ಏಕೆಂದರೆ ಆ ಅಟ್ಟದ ರಟ್ಟುಗಳನ್ನು ಹೆಣೆದವರು ನಮ್ಮತ್ತೆ. ಮಾವನವರು ಗ್ರಾಫ್ ಕಾಗದದ ಮೇಲೆ ಅಂಚು ಬರೆಯುತ್ತಿದ್ದರು. ಊರಿನಲ್ಲಿ ಒಬ್ಬರು ದುಡ್ಡು ತೆಗೆದುಕೊಂಡು ರಟ್ಟಿಗೆ ತೂತು ಹೊಡೆದುಕೊಡುತ್ತಿದ್ದರು. ಅದನ್ನು ಕ್ರಮ ತಪ್ಪದೆ ದಾರದಲ್ಲಿ ಹೆಣೆಯುವುದು ಮನೆಯ ಹೆಂಗಸರ ಕೆಲಸ. ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಕೂತರೆ ಹನ್ನೊಂದರವರೆಗೆ ಹೆಣೆಯುತ್ತಿದ್ದರಂತೆ. ಅದಕ್ಕೆ ಕೂಲಿಯಿಲ್ಲ, ಲೆಕ್ಕವೂ ಇಲ್ಲ. ಒಂದು ರಟ್ಟು ಹಿಂದುಮುಂದಾದರೆ ಮಾತ್ರ ಅವರ ಹೆಸರು ಬರುತ್ತಿತ್ತು.

ಇನ್ನು ನಮ್ಮ ಕೆಟ್ಟ ಮಗ್ಗಕ್ಕೆ ಬರುತ್ತೇನೆ. 1983ರಲ್ಲಿ ಇಟಲಿಯ ಮಿಲಾನಿನಲ್ಲಿ ನಡೆದ ಜವಳಿ ಯಂತ್ರಗಳ ಮೇಳದಲ್ಲಿ ಬೋನಾಸ್ ಎಂಬ ಕಂಪನಿ ಎಲೆಕ್ಟ್ರಾನಿಕ್ ಜಕಾರ್ಡನ್ನು ತೋರಿಸಿತು. ರಟ್ಟು ಹೋಯಿತು, ಪ್ರತಿ ಕೊಕ್ಕೆಗೂ ಒಂದು ಪುಟ್ಟ ವಿದ್ಯುತ್ ಅಯಸ್ಕಾಂತ ಬಂತು. ಯಾವ ಕೊಕ್ಕೆ ಏಳಬೇಕೆಂದು ಕಂಪ್ಯೂಟರ್ ಹೇಳತೊಡಗಿತು. ನೂರೆಪ್ಪತ್ತೊಂಬತ್ತು ವರ್ಷಗಳ ಕೆಳಗೆ ಮಗ್ಗದಿಂದ ಹೊರಟ ವಿದ್ಯೆ ಊರೆಲ್ಲ ಸುತ್ತಿ ತವರಿಗೆ ಬಂದ ಹಾಗೆ. ನಮ್ಮ ಮನೆಗೆ ಅದು ಬಂದ 2003ರಲ್ಲಿ ಮಾವನವರು ಹಳೆಯ ಗ್ರಾಫುಗಳನ್ನೆಲ್ಲ ಬೆಂಗಳೂರಿಗೆ ಒಯ್ದು ಫ್ಲಾಪಿಗಳಿಗೆ ಹಾಕಿಸಿದರು. ಗ್ರಾಫ್ ಕಾಗದಗಳು ಆಮೇಲೆ ಎಲ್ಲಿ ಹೋದವೋ. ಅಂಗೈಯಷ್ಟು ತೆಳ್ಳಗಿನ ಅರವತ್ತು ಫ್ಲಾಪಿಗಳಲ್ಲಿ ಒಂದು ಮನೆತನದ ಅಂಚು ಸೆರಗುಗಳೆಲ್ಲ ಅಡಗಿದ್ದವು. 2008ರಲ್ಲಿ ಮಾವನವರು ಹೋದರು.

ಮೈದುನ ಯಾರನ್ನೋ ಕೇಳಿ ಪೀಣ್ಯದಿಂದ ಒಬ್ಬ ಹುಡುಗನನ್ನು ಕರೆದುಕೊಂಡು ಬಂದ. ನಮ್ಮ ಮಗನ ವಯಸ್ಸಿನವನು. ಫ್ಲಾಪಿ ಡ್ರೈವಿನ ಜಾಗಕ್ಕೆ ಬೇರೊಂದು ಪುಟ್ಟ ಡಬ್ಬಿ ಸಿಗುತ್ತದೆಂದೂ, ಅದಕ್ಕೆ ಪೆನ್‌ಡ್ರೈವ್ ಚುಚ್ಚಿದರೆ ಹಳೆಯ ಯಂತ್ರ ಅದನ್ನೇ ಫ್ಲಾಪಿ ಎಂದು ನಂಬುತ್ತದೆಂದೂ ಹೇಳಿದ. ನಮಗೆ ಜೀವ ಬಂತು. ಆದರೆ ಪೆಟ್ಟಿಗೆಯ ಹಿಂಬದಿ ಬಿಚ್ಚಿದವನು ಸುಮ್ಮನಾದ. "ಅಕ್ಕಾ, ಬನ್ನಿ ನೋಡಿ" ಎಂದು ನನ್ನನ್ನು ಕರೆದು ತೋರಿಸಿದ. ಒಳಗಿನ ಹಲಗೆಯ ಮೇಲೆ, ಕರೆಂಟು ಹೋದಾಗ ನೆನಪು ಹಿಡಿದಿಡಲೆಂದು ಕೂರಿಸಿದ ಬ್ಯಾಟರಿ ಒಡೆದು ರಸ ಸೋರಿ, ಸುತ್ತಲಿನ ತಾಮ್ರದ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಮರೆತಿಟ್ಟರೆ ಹಸಿರು ಕಿಲುಬು ಏಳುತ್ತದಲ್ಲ, ಹಾಗೆ. ನೆನಪು ಕಾಯಬೇಕಾದದ್ದೇ ನೆನಪನ್ನು ತಿಂದಿತ್ತು.

ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕಾಯಿತು. ಈ ಕೆಲಸ ಹೊರಗಿನಿಂದ ಕಂಡಷ್ಟು ಸುಲಭವಲ್ಲ. ಮಗ್ಗ ಮತ್ತು ಪೆಟ್ಟಿಗೆ ಇಷ್ಟು ವರ್ಷ ತಮ್ಮತಮ್ಮಲ್ಲೇ ಮಾತಾಡಿಕೊಂಡಿದ್ದವು, ಆ ಮಾತು ಏನೆಂದು ಬರೆದಿಟ್ಟ ಪುಸ್ತಕ ನಮ್ಮಲ್ಲಿರಲಿಲ್ಲ. ಮಗ್ಗದ ದೊಡ್ಡ ಅಚ್ಚು ಒಂದು ಸುತ್ತು ಮುಗಿಸಿದಾಗ ಒಂದು ಸಂಜ್ಞೆ ಕೊಡುತ್ತದೆ. ಅದು ಬಂದ ಕೂಡಲೇ ಪೆಟ್ಟಿಗೆ ಮುಂದಿನ ಹೊಕ್ಕಿಗೆ ಯಾವ ಕೊಕ್ಕೆ ಏಳಬೇಕೆಂದು ಕಳಿಸಬೇಕು. ತುಸು ಮೊದಲಾದರೂ, ತುಸು ತಡವಾದರೂ ಕೆಡುತ್ತದೆ. ಆ ಹುಡುಗ ತಂತಿಗಳಿಗೆ ಒಂದೊಂದಾಗಿ ಮೀಟರ್ ಹಿಡಿದು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಯಾವುದು ಯಾರಿಗೆ ಏನು ಹೇಳುತ್ತದೆಂದು ಕಂಡುಹಿಡಿಯಲು ಎರಡು ವಾರ ಹಿಡಿಯಿತು. ನಮ್ಮ ದೇಶದಲ್ಲೇ ತಯಾರಾದ ಒಂದು ಹೊಸ ಪೆಟ್ಟಿಗೆ ತಂದು ಜೋಡಿಸಿದ. ಮೊದಲ ಅರ್ಧ ಗಜ ನೇಯ್ದು ನೋಡಿದರೆ ಅಂಚಿನ ಗೋಪುರಗಳೆಲ್ಲ ಒಳಗಡೆ ನೋಡುವ ಬದಲು ಹೊರಗಡೆ ನೋಡುತ್ತಿದ್ದವು. ಕೊಕ್ಕೆಗಳ ಎಣಿಕೆಯನ್ನು ಹಳೆಯ ಪೆಟ್ಟಿಗೆ ಬಲಗಡೆಯಿಂದ ಶುರುಮಾಡುತ್ತಿತ್ತು, ಹೊಸದು ಎಡಗಡೆಯಿಂದ. ಮೂಲೆಯಲ್ಲಿ ಕೂತಿದ್ದ ನಮ್ಮತ್ತೆ ಕನ್ನಡಕ ಏರಿಸಿಕೊಂಡು, "ಗೋಪುರ ತಲೆಕೆಳಗಾಗಿದೆ ಕಣಪ್ಪ" ಎಂದು ಎಲ್ಲರಿಗಿಂತ ಮೊದಲು ಹೇಳಿದರು.

ನಾವೇ ಹೀಗೆ ಸಿಕ್ಕಿಹಾಕಿಕೊಂಡವರಲ್ಲ ಎಂದು ಆಮೇಲೆ ತಿಳಿಯಿತು. ಅಮೆರಿಕದ ಅಣ್ವಸ್ತ್ರ ಪಡೆಗೆ ಆದೇಶ ಮುಟ್ಟಿಸುವ ವ್ಯವಸ್ಥೆ 1970ರ ದಶಕದ ಕಂಪ್ಯೂಟರಿನ ಮೇಲೆ, ಊಟದ ತಟ್ಟೆಯಷ್ಟಗಲದ ಎಂಟಿಂಚಿನ ಫ್ಲಾಪಿಗಳಿಂದ ನಡೆಯುತ್ತಿತ್ತು. ಅವನ್ನು ತೆಗೆದದ್ದು 2019ರಲ್ಲಿ, ನಮ್ಮ ಮಗ್ಗ ನಿಂತ ವರ್ಷವೇ. ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬ ಊರಿನ 19 ಶಾಲೆಗಳ ಬಿಸಿಗಾಳಿ ತಂಗಾಳಿಯನ್ನೆಲ್ಲ 1980ರ ದಶಕದ ಒಂದೇ ಒಂದು ಅಮಿಗಾ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದುದು 2015ರಲ್ಲಿ ಸುದ್ದಿಯಾಗಿತ್ತು. ಜಪಾನ್ ಸರಕಾರ ತನ್ನ ಕಚೇರಿಗಳ ನಿಯಮಗಳಿಂದ ಫ್ಲಾಪಿಯನ್ನು ಕೈಬಿಟ್ಟದ್ದು 2024ರಲ್ಲಿ. ಮೂರೂವರೆ ಇಂಚಿನ ಫ್ಲಾಪಿಯನ್ನು ಹುಟ್ಟಿಸಿದ ಸೋನಿ ಕಂಪನಿ ಜಪಾನಿನಲ್ಲಿ ಅದರ ಮಾರಾಟ ನಿಲ್ಲಿಸಿ ಆಗಲೇ ಹದಿಮೂರು ವರ್ಷವಾಗಿತ್ತು. ಕಬ್ಬಿಣಕ್ಕೆ ಐವತ್ತು ವರ್ಷ ಆಯಸ್ಸು, ಎಣ್ಣೆ ಹಾಕುತ್ತಿದ್ದರೆ ಇನ್ನೂ ಹೆಚ್ಚು. ಅದರ ಮೇಲೆ ಕೂರಿಸಿದ ಮೆದುಳಿಗೆ ಹದಿನೈದಿಪ್ಪತ್ತು. ಬಾಳಿಕೆಯಲ್ಲಿ ಇಷ್ಟು ಅಂತರವಿರುವ ಜೋಡಿಯನ್ನು ಕಟ್ಟಿಕೊಂಡ ಮೇಲೆ ಈ ತೊಂದರೆ ಎಲ್ಲರ ಮನೆಯಲ್ಲೂ ಒಂದು ದಿನ ಬರುವುದೇ.

ಮೈಸೂರಿನ ರೇಷ್ಮೆ ನೇಯ್ಗೆ ಕಾರ್ಖಾನೆಗೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ 32 ಮಗ್ಗಗಳು ಬಂದಿದ್ದವು. ಆ ಕಾಲದ ಯಂತ್ರದಲ್ಲಿ ಹಲ್ಲು ಮುರಿದರೆ ಕಮ್ಮಾರನಿದ್ದ. ಏನು ಮುರಿದಿದೆ ಎನ್ನುವುದು ಕಣ್ಣಿಗೆ ಕಾಣುತ್ತಿತ್ತು. ಪೆಟ್ಟಿಗೆಯೊಳಗಿನದು ಕಾಣುವುದಿಲ್ಲ.

ಪೆಟ್ಟಿಗೆಯೇನೋ ಸರಿಹೋಯಿತು. ಉಳಿದದ್ದು ಫ್ಲಾಪಿಗಳು. ಅರವತ್ತರಲ್ಲಿ ಹತ್ತೊಂಬತ್ತನ್ನು ಓದಲಾಗಲಿಲ್ಲ. ಕೆಲವಕ್ಕೆ ಮಳೆಗಾಲದ ಬೂಷ್ಟು ಹಿಡಿದಿತ್ತು. ಹೋದವುಗಳಲ್ಲಿ ಮಾವನವರು ಮದುವೆಯಾದ ವರ್ಷ ಬರೆದ ಗೋಪುರ ಮತ್ತು ಮಲ್ಲಿಗೆ ಮೊಗ್ಗಿನ ಹಳೆಯ ಅಂಚೂ ಒಂದು. ಹಬ್ಬದ ಸೀರೆಗಳಿಗೆ ಬೇಕಾದದ್ದೂ ಅದೇ ಅಂಚು. ನಾವು ಪರೀಕ್ಷೆಗೆ ನೇಯ್ದದ್ದು ಬೇರೊಂದು ಗೋಪುರ. ಮೈದುನ ತಲೆಯ ಮೇಲೆ ಕೈಹೊತ್ತು ಕೂತ. ಆಗ ಅತ್ತೆ ನನ್ನತ್ತ ತಿರುಗಿ, "ಏಣಿ ಹಾಕಮ್ಮ" ಎಂದರು.

ಐದನೆಯ ಗಂಟಿನಲ್ಲಿ ಅದಿತ್ತು. 96 ರಟ್ಟು, ಒಂದೊಂದರಲ್ಲಿ 120 ಜಾಗ. ಅಂದರೆ 11,520 ಸಲ, ತೂತು ಇದೆಯೇ ಇಲ್ಲವೇ ಎಂದು ನೋಡಬೇಕು. ಮನೆಯ ನಡುಮನೆಯಲ್ಲಿ ಚಾಪೆ ಹಾಸಿ ಕೂತೆವು. ಅತ್ತೆ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು "ಇದೆ, ಇದೆ, ಇಲ್ಲ, ಇದೆ" ಎಂದು ಹೇಳುವುದು, ನಾನು ಗ್ರಾಫ್ ಕಾಗದದಲ್ಲಿ ಇದ್ದ ಕಡೆ ಚೌಕ ತುಂಬುವುದು. ನಾಲ್ಕು ದಿನ ಹಿಡಿಯಿತು. 20ನೇ ರಟ್ಟಿನ ಅರ್ಧವನ್ನು ಇಲಿ ತಿಂದಿತ್ತು. ಅಯ್ಯೋ ಎಂದೆ. ಅತ್ತೆ, "ಗೋಪುರ ಹತ್ತಿದ ಹಾಗೇ ಇಳೀತದೆ. 77 ನೋಡು, ಅದೇ ಇದು" ಎಂದರು. ನೋಡಿದರೆ ನಿಜ. 19ಕ್ಕೆ 78 ಜೋಡಿ, 20ಕ್ಕೆ 77. ಮೂರನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸು ನಲವತ್ತು ವರ್ಷದ ಹಿಂದೆ ಹೆಣೆದ ಸರಪಳಿಯ ಗಣಿತವನ್ನು ಬೆರಳಲ್ಲಿ ಇಟ್ಟುಕೊಂಡಿದ್ದರು.

ಆ ಹುಡುಗ ನಮ್ಮ ಗ್ರಾಫನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವಾಗ ಒಂದು ಲೆಕ್ಕ ಹೇಳಿದ. ಒಂದೊಂದು ತೂತನ್ನು ಒಂದೊಂದು ಹೌದು-ಅಲ್ಲ ಎಂದು ಬರೆದರೆ ಇಂಥ ಅಂಚುಗಳು ಒಂದು ಫ್ಲಾಪಿಯಲ್ಲಿ ಸಾವಿರಕ್ಕೂ ಹೆಚ್ಚು ಹಿಡಿಸುತ್ತವಂತೆ. ಒಂದು ಗಂಟಿನ ಭಾರ ನನ್ನ ಸೊಂಟಕ್ಕೆ ಗೊತ್ತು, ಸಾವಿರ ಗಂಟು ಆ ತೆಳ್ಳನೆಯ ಬಿಲ್ಲೆಯಲ್ಲಿ ಎಂದರೆ ಅದ್ಭುತವೇ. ಆದರೆ ಇನ್ನೊಂದು ಲೆಕ್ಕವೂ ಇದೆ. ಇಲಿ ಕಡಿದ ರಟ್ಟಿನಿಂದ ಹೋದದ್ದು ಒಂದು ಹೊಕ್ಕಿನ ಅರ್ಧ. ಫ್ಲಾಪಿಯ ಒಂದು ಮೂಲೆ ಕೆಟ್ಟರೆ, ಅದು ಕೆಡಬಾರದ ಮೂಲೆಯಾಗಿದ್ದರೆ, ಎಲ್ಲವೂ ಹೋಗುತ್ತದೆ. ರಟ್ಟನ್ನು ಓದಲು ಬೆಳಕು ಮತ್ತು ಕಣ್ಣು ಸಾಕು. ಫ್ಲಾಪಿಯನ್ನು ಓದಲು ಫ್ಲಾಪಿಯನ್ನು ಓದುವ ಯಂತ್ರವೇ ಬೇಕು.

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ರಟ್ಟು ಬದಲಿಸುತ್ತ ಮಗ್ಗದ ಮೇಲೆ ಹತ್ತಿಳಿದು ಮಾವನವರ ಮೊಣಕಾಲು ಹೋದದ್ದನ್ನು ನೋಡಿದ್ದೇನೆ. ಹೊಸ ಪೆಟ್ಟಿಗೆಯಲ್ಲಿ ವಿನ್ಯಾಸ ಬದಲಿಸಲು ಎರಡು ನಿಮಿಷ ಸಾಕು. ನಾವು ಈಗ ಎಲ್ಲ ಅಂಚುಗಳನ್ನೂ ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಬೆಂಗಳೂರಿನ ನಾದಿನಿಯ ಮನೆಯಲ್ಲಿ ಇಟ್ಟಿದ್ದೇವೆ. ಜೊತೆಗೆ ಪ್ರತಿಯೊಂದನ್ನೂ ಕಾಗದದ ಮೇಲೆ ಚೌಕ ಚೌಕವಾಗಿ ಅಚ್ಚು ಹಾಕಿಸಿ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಆ ಹುಡುಗನ ನೋಟ್‌ಬುಕ್ಕಿನ ಪ್ರತಿಯೂ ಅದರಲ್ಲೇ ಇದೆ, ಮುಂದೆ ಇನ್ನೊಬ್ಬ ಹುಡುಗ ಬಂದಾಗ ಮೊದಲಿನಿಂದ ಶುರುಮಾಡುವುದು ಬೇಡವೆಂದು.

ವರಮಹಾಲಕ್ಷ್ಮಿ ಹಬ್ಬಕ್ಕೆ ಎಲ್ಲ ಸೀರೆಗಳನ್ನೂ ಕೊಡಲಾಗಲಿಲ್ಲ. ಅರ್ಧ ಕೊಟ್ಟೆವು. ಉಳಿದವು ಗೌರಿ ಹಬ್ಬಕ್ಕೆ ಹೋದವು. ನಿಂತ ವಾರಗಳಿಗೆ ನೇಯುವವರಿಗೆ ಮುಂಗಡವೆಂದು ಸ್ವಲ್ಪ ದುಡ್ಡು ಕೊಟ್ಟರೂ ಅದು ಅವರಿಗೆ ಸಾಲವೇ ಆಯಿತು ಎಂಬ ಅಳುಕು ನನಗಿದೆ.

ಗೋಪುರದಂಚಿನ ಮೊದಲ ಸೀರೆ ಮಗ್ಗದಿಂದ ಇಳಿದ ದಿನ ಅತ್ತೆ ಅಂಚನ್ನು ಬೆರಳಲ್ಲಿ ಸವರಿ ನೋಡಿದರು. 20ನೇ ಹೊಕ್ಕು ಎಲ್ಲಿದೆಯೆಂದು ಹುಡುಕುತ್ತಿದ್ದರೋ ಏನೋ. ಆಮೇಲೆ ಕೇಳಿದರು: "ಈ ಹೊಸ ಪೆಟ್ಟಿಗೆ ಎಷ್ಟು ವರ್ಷ ಬರ್ತದಂತೆ?"

"ಹತ್ತು ಹದಿನೈದು ವರ್ಷ ಬರ್ತದೆ ಅಂದ, ಅತ್ತೆ."

ಅವರು ತಲೆಯಾಡಿಸಿ, ರಟ್ಟಿನ ಗಂಟನ್ನು ನನ್ನ ಕೈಗೆ ಕೊಟ್ಟರು. "ಹಾಗಿದ್ರೆ ಇದನ್ನ ಅಲ್ಲೇ ಮೇಲಿಡು. ಇಲಿ ಪಾಷಾಣ ಇಡೋದು ಮರೀಬೇಡ."